ಪುಕ್ಕಟೆ ಬೀನ್ಸ್

ಮಾವನ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಹೆಂಡತಿ ಮೊದಲು ಕೇಳಿದ್ದು, "ಹೊಗಳೋದಕ್ಕೋ, ಬಯ್ಯೋದಕ್ಕೋ?" ಎಂದು. ಎರಡೂ ಅಲ್ಲ, ಇದ್ದದ್ದು ಇದ್ದ ಹಾಗೆ ಎಂದೆ. "ಹಾಗಾದ್ರೆ ನಮ್ಮಪ್ಪನ ಮುಂದೆ ಮಾತ್ರ ಓದಬೇಡಿ. ಆ ಮನುಷ್ಯ ಈಗಲೇ ಅರ್ಧ ಆಗಿದ್ದಾರೆ," ಎಂದು ಒಳಗೆ ಹೋದಳು. ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡಳು. ಅಪ್ಪನ ಮೇಲೆ ಸಿಟ್ಟು ಬಂದಾಗಲೂ, ಅಪ್ಪನ ಪರವಾಗಿ ಸಿಟ್ಟು ಬಂದಾಗಲೂ ಅವಳು ಬಾಗಿಲು ಹಾಕುವುದು ಹೀಗೆಯೇ.

ಮಾವ ತರಕಾರಿ ಮಂಡಿಯಲ್ಲಿ ತೂಕ ಹಾಕುವವರು. ಮಂಡಿಗೆಲ್ಲ ಅವರು ತಕ್ಕಡಿಯಪ್ಪ. ನಿಜವಾದ ಹೆಸರು ಕೂಲಿ ಕೊಡುವ ಗುಮಾಸ್ತನಿಗೂ ನೆನಪಿತ್ತೋ ಇಲ್ಲವೋ. ಮೂಟೆ ಕಾಟಾದ ಮೇಲೆ ಬಿದ್ದ ಕೂಡಲೇ ಒಂದು ಸಲ ನೋಡುತ್ತಿದ್ದರು, ಗಂಟಲು ಬಿಟ್ಟು ತೂಕ ಕೂಗುತ್ತಿದ್ದರು, ಮುಗಿಯಿತು. ಯಾರಾದರೂ ಕತ್ತು ಚಾಚಿ ಕಾಟಾ ನೋಡಲು ಬಂದರೆ ಮೂಗಿನ ತುದಿಯಲ್ಲೇ ಇದ್ದ ಕೋಪ ಹೊರಗೆ ಬರುತ್ತಿತ್ತು. "ನೀನೇ ನೋಡೋದಾದ್ರೆ ನೀನೇ ಕೂಗು ಮಾರಾಯ, ನಾನು ಮನೆಗೆ ಹೋಗಿ ಮಲಗ್ತೀನಿ," ಎನ್ನುತ್ತಿದ್ದರು. ಮಂಡಿಯಲ್ಲಿ ಪ್ರತಿ ಮೂಟೆಗೂ ಒಂದು ಹಿಡಿ ಎತ್ತಿಟ್ಟುಕೊಳ್ಳುವುದು ತೂಕದವರ ಹಕ್ಕು ಎಂದೇ ಎಲ್ಲರೂ ತಿಳಿದಿದ್ದರು. ಮಾವ ಒಂದು ಹಸಿಮೆಣಸಿನಕಾಯಿಯನ್ನೂ ಮುಟ್ಟಿದವರಲ್ಲ. ಕೆಲಸ ಮುಗಿಸಿ ಬರುವಾಗ ಬೀದಿಯ ಕೊನೆಯ ಅಂಗಡಿಯಲ್ಲಿ ದುಡ್ಡು ಕೊಟ್ಟು ತರಕಾರಿ ಕೊಳ್ಳುತ್ತಿದ್ದರು. ಅತ್ತೆಗೆ ಇದು ಜೀವಮಾನದ ಗೋಳು. "ಬೆಟ್ಟದಷ್ಟು ತರಕಾರಿ ನಡುವೆ ಬೆಳಿಗ್ಗೆಯೆಲ್ಲ ನಿಂತು, ಬರ್ತಾ ಬಾಡಿದ ಸೊಪ್ಪು ಕೊಂಡ್ಕೊಂಡು ಬರೋ ಗಂಡಸು ಲೋಕದಲ್ಲಿ ಇವರೊಬ್ಬರೇ," ಎಂದು ನನ್ನ ಮುಂದೆಯೇ ಎಷ್ಟೋ ಸಲ ಹೇಳಿದ್ದಾರೆ.

ಇದು ಬರೀ ಒಳ್ಳೆಯತನ ಎಂದು ನಾನು ಮೊದಲು ತಿಳಿದಿದ್ದೆ. ಅಲ್ಲ. ಚಿಕ್ಕಂದಿನಲ್ಲಿ ಮಾವನ ತಾಯಿ ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಆ ಮನೆಯವರು ಉಳಿದ ಅನ್ನವನ್ನು ಹಿತ್ತಲ ಬಾಗಿಲಲ್ಲಿ ಕೊಡುತ್ತಿದ್ದರು, ಮಾವ ಹೋಗಿ ತರಬೇಕಿತ್ತು. ಆ ಮನೆಯ ಮಕ್ಕಳು ಅವರನ್ನು ಕಂಡ ಕೂಡಲೇ "ಪುಕ್ಕಟೆ ಬಂತು, ಪುಕ್ಕಟೆ ಬಂತು" ಎಂದು ಕುಣಿಯುತ್ತಿದ್ದರಂತೆ. ಶಾಲೆಯಲ್ಲೂ ಅದೇ ಅಡ್ಡಹೆಸರು ಅಂಟಿಕೊಂಡಿತು. ಇದನ್ನು ಮಾವ ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೆ ಅವಳ ಸೋದರತ್ತೆ ಹೇಳಿದ್ದು. ಅರವತ್ತು ದಾಟಿದ ಮೇಲೂ ಆ ಒಂದು ಪದ ಕಿವಿಗೆ ಬಿದ್ದರೆ ಮಾವನ ಮುಖದ ಬಣ್ಣ ಬದಲಾಗುತ್ತಿತ್ತು.

ಮಾವನ ಮನೆಯ ಹಿತ್ತಲ ಗೋಡೆಯ ಆಚೆಗೆ ಒಂದು ಹೊಲ. ಅದನ್ನು ಗುತ್ತಿಗೆಗೆ ಹಿಡಿದು ಬೀನ್ಸ್ ಬೆಳೆಯುತ್ತಿದ್ದವಳನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ ಸೇರಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ನಡೆಸಿದವಳು. ಮಾತು ಕಡಿಮೆ, ನಗು ಜಾಸ್ತಿ. ಅವಳ ಬೀನ್ಸ್ ಮೂಟೆಗಳು ವರ್ಷಗಟ್ಟಲೆ ಮಾವನ ಕಾಟಾದ ಮೇಲೆಯೇ ತೂಗಿದ್ದವು.

ಆಮೇಲೆ ಆ ಕಾಯಿಲೆ ಬಂತು. ಬೀದಿಗಳು ಬಂದ್ ಆದವು, ಬಸ್ಸು ನಿಂತವು, ಮಂಡಿಯ ಗೇಟಿಗೆ ಬೀಗ ಬಿತ್ತು. ದಿನಗೂಲಿಯ ಮಾವ ಮನೆಯಲ್ಲಿ ಕೂತರು. ಸುತ್ತಲಿನ ರೈತರು ಕೋಸು, ಟೊಮೆಟೊ ಎಲ್ಲವನ್ನೂ ಹೊಲದಲ್ಲೇ ಕೊಳೆಯಲು ಬಿಟ್ಟರು. ಕೊಯ್ದರೆ ಕೂಲಿ ದಂಡ, ಕೊಯ್ದು ಕೊಡುವುದಾದರೂ ಯಾರಿಗೆ? ಆದರೆ ಬೀನ್ಸ್ ಗಿಡದ ಸ್ವಭಾವವೇ ಬೇರೆ. ಕಾಯಿ ಕೀಳದೆ ಬಿಟ್ಟರೆ ಅದು ಗಿಡದಲ್ಲೇ ಬಲಿತು ನಾರಾಗುತ್ತದೆ, ಗಿಡ ಹೂ ಬಿಡುವುದನ್ನು ನಿಲ್ಲಿಸಿಬಿಡುತ್ತದೆ. ಇವತ್ತೋ ನಾಳೆಯೋ ಮಂಡಿ ತೆರೆದೀತು ಎಂಬ ಆಸೆಯಲ್ಲಿ ಅಕ್ಕ ದಿನ ಬಿಟ್ಟು ದಿನ ಕಿತ್ತಳು. ಕಿತ್ತದ್ದನ್ನು ಏನು ಮಾಡುವುದು? ಬುಟ್ಟಿ ತುಂಬಿ ಬೀದಿಯ ಮನೆಮನೆಗೂ ಹಂಚಿದಳು.

ಮಾವನ ಮನೆಯ ಪಾಲಿನ ಬುಟ್ಟಿ ಹಿತ್ತಲ ಗೋಡೆಯ ಮೇಲೆ ಬರುತ್ತಿತ್ತು. ಮೊದಲ ದಿನ ಮಾವ ಅದನ್ನು ಹಾಗೆಯೇ ಆಚೆ ಕಡೆ ಇಳಿಸಿಟ್ಟು ಬಂದರು. ಎರಡನೆಯ ಸಲ ಮಾವ ಸ್ನಾನಕ್ಕೆ ಹೋದ ಹೊತ್ತು ನೋಡಿ ಅತ್ತೆ ಅದನ್ನು ಎತ್ತಿಕೊಂಡರು. ಊಟಕ್ಕೆ ಕೂತಾಗ ತಟ್ಟೆಯಲ್ಲಿದ್ದ ಬೀನ್ಸ್ ಎಲ್ಲಿಂದ ಬಂತೆಂದು ಮಾವ ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಅಂಗಡಿಯೂ ಮುಚ್ಚಿತ್ತು, ಕೈಯೂ ಬರಿದಾಗಿತ್ತು. ಕೆಲವು ವಾರ ಕಳೆದ ಮೇಲೆ ಮಾವನೇ ಬೆಳಿಗ್ಗೆ ಎದ್ದು, "ಗೋಡೆ ಮೇಲೆ ಏನಾದ್ರೂ ಬಂತೇನೇ?" ಎಂದು ಕೇಳಿದರಂತೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆಗ ನಗಬಹುದಿತ್ತು.

ಅಷ್ಟರಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಬೆಳೆದದ್ದನ್ನು ಮಾರಲಾಗದೆ ಕಳೆದುಕೊಂಡ ರೈತರ ಖಾತೆಗೆ ಹಣ ಹಾಕುತ್ತದೆ ಎಂದು. ಅಕ್ಕನಿಗೆ ಇದು ಹೋದ ಜೀವ ಬಂದ ಹಾಗಾಯಿತು. ಹೊಲದ ಒಡೆಯ ಗುತ್ತಿಗೆ ಹಣಕ್ಕೆ ಆಗಲೇ ಗಡುವು ಕೊಟ್ಟಿದ್ದ. ಪರಿಹಾರ ಬಂದರೆ ಹೊಲ ಉಳಿಯುತ್ತದೆ, ಬರದಿದ್ದರೆ ಹೊಲ ಬಿಡಬೇಕು. ಇದು ಬೀದಿಗೆಲ್ಲ ಗೊತ್ತಿತ್ತು. ಮಾವನಿಗೂ ಗೊತ್ತಿತ್ತು.

ನಷ್ಟ ನೋಡಲು ಇಲಾಖೆಯಿಂದ ಒಬ್ಬ ಬರುತ್ತಿದ್ದ. ಕೈಯಲ್ಲಿ ಫೋನು ಹಿಡಿದು ಹೊಲ ಹೊಲ ಸುತ್ತುತ್ತಿದ್ದ ಅವನಿಗೆ ಫೋಟೋ ಸಾಹೇಬ ಎಂದು ಹೆಸರು ಬಿತ್ತು. ಕೊಳೆತ ಕೋಸಿನ ನಡುವೆ ರೈತನನ್ನು ನಿಲ್ಲಿಸಿ, "ನಗಬೇಡಿ ಯಜಮಾನ್ರೇ, ನಷ್ಟದ ಫೋಟೋ ಇದು," ಎಂದು ಬಯ್ದು ಚಿತ್ರ ತೆಗೆಯುತ್ತಿದ್ದ. ಅಕ್ಕನ ಹೊಲಕ್ಕೆ ಬಂದಾಗ ಅವನು ತಲೆ ಕೆರೆದುಕೊಂಡ. ಗಿಡ ಹಸಿರಾಗಿ ನಿಂತಿವೆ, ಸಾಲು ಚೊಕ್ಕವಾಗಿದೆ, ಒಂದು ಕೊಳೆತ ಕಾಯಿ ಇಲ್ಲ.

"ಇದರಲ್ಲಿ ನಷ್ಟ ಎಲ್ಲಿದೆ ಅಕ್ಕಾ? ಕಿತ್ತದ್ದೆಲ್ಲ ಎಲ್ಲಿ ಹೋಯ್ತು?"

"ಬೀದಿಯವರಿಗೆ ಕೊಟ್ಟೆ ಸಾರ್."

"ಮಾರಿದ್ರಾ?"

"ಇಲ್ಲ ಸಾರ್, ಸುಮ್ನೆ ಕೊಟ್ಟೆ. ಮಂಡಿ ಇಲ್ಲ, ಇನ್ನೇನು ಮಾಡ್ಲಿ?"

ಅವನು ಕೆಟ್ಟವನೇನಲ್ಲ. ಬೀದಿಯವರು ಯಾರಾದರೂ ಹೌದು ಎಂದರೆ ಸಾಕು, ಬರೆದುಕೊಳ್ಳುತ್ತೇನೆ ಎಂದ. ಎಲ್ಲರಿಗಿಂತ ಮೊದಲು ಯಾರನ್ನು ಕೇಳಬೇಕು? ಹೊಲಕ್ಕೆ ಗೋಡೆ ತಾಗಿದ ಮನೆ, ಅದೂ ತಕ್ಕಡಿಯಪ್ಪನ ಮನೆ. ಅವರ ಮಾತು ಎಂದರೆ ಮಾತು. ಅಕ್ಕ ಖುಷಿಯಿಂದಲೇ ಅವನನ್ನು ಹಿತ್ತಲ ಗೋಡೆಯ ಬಳಿಗೆ ಕರೆದುಕೊಂಡು ಬಂದಳು.

ದುರದೃಷ್ಟಕ್ಕೆ ಅದೇ ಹೊತ್ತಿಗೆ ಆ ಹಿತ್ತಲಲ್ಲಿ ನನ್ನ ಅಪ್ಪ ಅಮ್ಮ ಕೂತಿದ್ದರು. ನನ್ನ ಮದುವೆಯ ಮಾತುಕತೆಗೆ ಹೋಗಿದ್ದರು. ಒಳಗೆ ಗಾಳಿಯಿಲ್ಲ, ಕಾಯಿಲೆಯ ಭಯ ಬೇರೆ ಎಂದು ಕುರ್ಚಿಗಳನ್ನು ಹಿತ್ತಲಲ್ಲಿ ದೂರದೂರ ಹಾಕಿದ್ದರಂತೆ. ನನಗೆ ಹೋಗಲು ಪಾಸ್ ಸಿಕ್ಕಿರಲಿಲ್ಲ. ಹುಡುಗನಿಲ್ಲದ ಮಾತುಕತೆ ಎಂದು ನನ್ನ ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ. ಅವಳು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕಂಡವಳು. ಮುಂದಿನದು ಅವಳು ಹೇಳಿದ್ದು.

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಅಪ್ಪನಿಗೆ ತಮ್ಮ ಮನೆತನದ ಬಗ್ಗೆ ಇದ್ದದ್ದಕ್ಕಿಂತ ಒಂದು ಗೇಣು ಎತ್ತರಿಸಿ ಹೇಳುತ್ತಿದ್ದರು. ಗೋಡೆಯ ಮೇಲೆ ಫೋಟೋ ಸಾಹೇಬನ ತಲೆ ಕಾಣಿಸಿತು. ಪಕ್ಕದಲ್ಲಿ ಅಕ್ಕನ ತಲೆ.

"ನಮಸ್ಕಾರ ಯಜಮಾನ್ರೇ. ಪರಿಹಾರದ ವಿಚಾರ. ಈ ಅಕ್ಕ ನಿಮ್ಮನೆಗೆ ಇಷ್ಟು ದಿನ ಬೀನ್ಸ್ ಪುಕ್ಕಟೆ ಕೊಟ್ರಂತೆ, ಹೌದಾ?"

ಆ ವಿಷಯವನ್ನು ಅವನು ಬೇರೆ ಯಾವ ಮಾತಿನಲ್ಲಾದರೂ ಹೇಳಬಹುದಿತ್ತು. ಬೀಗರಾಗುವವರ ಮುಂದೆ, ಬೀದಿಗೆ ಕೇಳುವ ಹಾಗೆ ಆ ಪದವನ್ನೇ ಹೇಳಿದ. ಮಾವನ ಕಿವಿ ಕೆಂಪಾಯಿತಂತೆ.

"ಪುಕ್ಕಟೆ ತಿನ್ನೋ ಮನೆ ಅಲ್ಲ ಇದು," ಎಂದರು ಮಾವ, ಮಂಡಿಯಲ್ಲಿ ತೂಕ ಕೂಗುವ ಗಂಟಲಲ್ಲೇ. "ದುಡ್ಡು ಕೊಟ್ಟೇ ತಗೊಂಡಿದ್ದೀವಿ."

"ಹಾಗಾದ್ರೆ ಮಾರಾಟ ಆಗಿದೆ ಅಂತಾಯ್ತು," ಎಂದ ಸಾಹೇಬ, ಅಕ್ಕನ ಕಡೆ ತಿರುಗಿದ. "ಏನಮ್ಮಾ? ದುಡ್ಡು ಕೊಟ್ಟಿದ್ದಾರಂತೆ."

ಮಂಡಿಯಲ್ಲಿ ಒಂದು ಪದ್ಧತಿ ಇದೆ. ತೂಕದವನು ಕೂಗಿದ ಮೇಲೆ ಮಾರುವವರು "ಹೂಂ" ಎನ್ನಬೇಕು. ಹೂಂ ಎಂದರೆ ಒಪ್ಪಿದ ಹಾಗೆ, ಅಲ್ಲಿಗೆ ಅದು ಮುಗಿದ ಮಾತು. ಕೂಗಿದ್ದನ್ನು ತೂಕದವನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಒಂದು ಸಲ ತೆಗೆದುಕೊಂಡರೆ ಅವತ್ತಿನ ಎಲ್ಲ ತೂಕವೂ ತಕರಾರಿಗೆ ಬೀಳುತ್ತದೆ. ಅಕ್ಕ ಮಾವನ ಮುಖ ನೋಡಿದಳು. ಕುರ್ಚಿಯಲ್ಲಿದ್ದ ನನ್ನ ಅಪ್ಪ ಅಮ್ಮನನ್ನು ನೋಡಿದಳು. ಆಮೇಲೆ "ಹೂಂ" ಎಂದಳು.

ಆಗಲೂ ಹೊತ್ತು ಮೀರಿರಲಿಲ್ಲ. ಮಾವ ಬಾಯಿ ತೆರೆದದ್ದನ್ನು ನನ್ನ ಹೆಂಡತಿ ಕಿಟಕಿಯಿಂದ ಕಂಡಿದ್ದಾಳೆ. ಅಷ್ಟರಲ್ಲಿ ನನ್ನ ಅಪ್ಪ ಚಪ್ಪಾಳೆ ತಟ್ಟುವುದೊಂದು ಬಾಕಿ ಎನ್ನುವ ಹಾಗೆ, "ಭಲೇ ಬೀಗರೇ! ಇಂಥಾ ಮನೆಗೆ ಹೆಣ್ಣು ಕೇಳೋಕೆ ಬಂದಿದ್ದಲ್ಲ, ಮಗನ್ನೇ ಕೊಟ್ಟು ಹೋಗೋಣ ಅನ್ನಿಸ್ತಿದೆ," ಎಂದ. ಎಲ್ಲರೂ ನಕ್ಕರು. ಮಾವ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಗೋಡೆಯ ಮೇಲಿನ ಎರಡು ತಲೆಗಳೂ ಇಳಿದವು.

ಸಾಹೇಬ ಅಲ್ಲಿಗೇ ಬಿಡಲಿಲ್ಲ, ಬೀದಿಯಲ್ಲಿ ಮತ್ತೂ ನಾಲ್ಕಾರು ಮನೆ ಕೇಳಿದ. ದರ್ಜಿಯ ಹೆಂಡತಿ ಹೊರಗೆ ಬಂದು ಮೊದಲು ಕೇಳಿದ್ದು, ತಕ್ಕಡಿಯಪ್ಪ ಏನಂದರು ಎಂದು. ಅವರು ದುಡ್ಡು ಕೊಟ್ಟಿದ್ದಾರಂತೆ ಎಂದು ಗೊತ್ತಾದ ಮೇಲೆ, ನಾವೇನು ಕೈ ಚಾಚಿದವರಾ ಎಂದು ಅವಳೂ ಕೊಟ್ಟೆ ಎಂದಳು. ಕ್ಷೌರದವನೂ ಕೊಟ್ಟ. ನಿವೃತ್ತ ಮೇಷ್ಟ್ರಂತೂ ಚಿಲ್ಲರೆ ಇಲ್ಲದೆ ಒಂದು ಸಲ ಹೆಚ್ಚಿಗೆಯೇ ಕೊಟ್ಟೆ ಎಂದರಂತೆ. ನಾಚಿಕೆಗೆಟ್ಟ ಬೀದಿ ಎಂದು ಬಯ್ಯಬೇಕೆನ್ನಿಸುತ್ತದೆ. ನಿಜ ನೋಡಿದರೆ ಆ ಬೀದಿಯವರಿಗೆ ಇದ್ದದ್ದೇ ನಾಚಿಕೆ, ಬೇಡದ ಕಡೆ ಇತ್ತು ಅಷ್ಟೇ.

ನನ್ನ ಅಪ್ಪ ಅಮ್ಮ ಹೊರಟ ಕೂಡಲೇ ಮಗಳು ಅಪ್ಪನ ಎದುರು ನಿಂತಳು. "ಅಪ್ಪಾ, ಏನು ಮಾತಾಡಿಬಿಟ್ಟೆ ನೀನು? ಅಕ್ಕನ ಹೊಲ ಹೋಗುತ್ತೆ."

"ಸುಮ್ನಿರೇ. ಸರ್ಕಾರ ಅಂದ ಮೇಲೆ ಹತ್ತು ಕಡೆ ವಿಚಾರಿಸ್ತಾರೆ. ನನ್ನ ಒಂದು ಮಾತಿಂದ ಏನಾಗುತ್ತೆ?"

ತನ್ನ ಒಂದು ಮಾತಿಂದಲೇ ಊರ ಮೂಟೆಗಳೆಲ್ಲ ಕೈ ಬದಲಾಯಿಸಿದ್ದನ್ನು ಆ ಗಳಿಗೆಗೆ ಮಾವ ಮರೆತ ಹಾಗೆ ಮಾಡಿದರು.

ಪರಿಹಾರ ಬಂತು. ಕೊಳೆತ ಕೋಸಿನವರಿಗೆಲ್ಲ ಬಂತು. ಅಕ್ಕನಿಗೆ ಬರಲಿಲ್ಲ. ಬೀದಿಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅಕ್ಕ ಬಂದು ಜಗಳವಾಡಿದ್ದರೆ, ಗೋಡೆಯಾಚೆಯಿಂದ ಮಣ್ಣು ತೂರಿ ಶಾಪ ಹಾಕಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಹಾಗೇನೂ ಮಾಡಲಿಲ್ಲ. ಗಿಡಗಳಲ್ಲಿ ಕೊನೆಯ ಕಾಯಿ ಇರುವವರೆಗೂ ಬುಟ್ಟಿ ಗೋಡೆಯ ಮೇಲೆ ಬರುತ್ತಲೇ ಇತ್ತು. ಮಾವ ಹಿತ್ತಲಿಗೆ ಕಾಲಿಡುವುದನ್ನು ಬಿಟ್ಟರು. ಬಚ್ಚಲು ಹಿತ್ತಲಲ್ಲೇ ಇದ್ದುದರಿಂದ ಅದೂ ಸುಲಭವಿರಲಿಲ್ಲ. ಅಕ್ಕ ಹೊಲದಲ್ಲಿ ಇಲ್ಲವೆಂದು ಅತ್ತೆ ನೋಡಿ ಹೇಳಿದ ಮೇಲೆ ತಲೆಗೆ ಟವೆಲ್ ಹೊದ್ದು ಓಡಿ ಹೋಗಿ ಬರುತ್ತಿದ್ದರು. ಅಡುಗೆಮನೆಯಿಂದ ಬೀನ್ಸ್ ಬೇಯುವ ವಾಸನೆ ಬಂದರೆ ಎದ್ದು ಬೀದಿಗೆ ಹೋಗಿಬಿಡುತ್ತಿದ್ದರು.

ಕೊನೆಗೆ ಅತ್ತೆಯೇ ತಡೆಯಲಾರದೆ ಗೋಡೆಯ ಬಳಿ ಅಕ್ಕನನ್ನು ಕೇಳಿದರು. "ಅವರಂತೂ ಮರ್ಯಾದೆಗೆ ಬಿದ್ದು ಹೇಳಿದ್ರು. ನೀನ್ಯಾಕೆ ತಾಯಿ ಹೂಂ ಅಂದೆ?"

"ಅಣ್ಣ ಕೂಗಿದ್ರು, ಬಾಯಿಗೆ ಹೂಂ ಬಂತು," ಎಂದಳು ಅಕ್ಕ. "ಇಷ್ಟು ವರ್ಷದ ರೂಢಿ ಅಲ್ವಾ ಅತ್ತಿಗೆ? ಆಮೇಲೆ ಇಲ್ಲ ಅನ್ನೋಣ ಅಂತ ನೋಡಿದ್ರೆ ಅಲ್ಲಿ ಬೀಗರು ಕೂತಿದ್ರು. ಹೆಣ್ಣುಮಗು ವಿಷಯ. ಅವರ ಮುಂದೆ ಅಣ್ಣನ್ನ ಸುಳ್ಳ ಅಂತ ಮಾಡೋದು ಹೇಗೆ?"

ಅತ್ತೆ ಇದನ್ನು ಮಾವನಿಗೆ ಹೇಳಿದ್ದು ಊಟದ ಹೊತ್ತಿನಲ್ಲಿ. ಮಾವ ಕಲೆಸಿದ ಅನ್ನವನ್ನು ಹಾಗೆಯೇ ಬಿಟ್ಟು ಕೈ ತೊಳೆದರು. ಅಂಗಿ ತೊಟ್ಟು ನೇರ ಇಲಾಖೆಯ ಕಚೇರಿಗೆ ನಡೆದರು.

ಕಚೇರಿಯ ಬಾಗಿಲಲ್ಲಿ ಹಗ್ಗ ಕಟ್ಟಿದ್ದರು, ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಮಾವ ಒಂದು ವೃತ್ತದೊಳಗೆ ನಿಂತುಕೊಂಡರು. ಒಳಗೆ ಮೇಜಿನ ಹಿಂದೆ ಫೋಟೋ ಸಾಹೇಬ, ಪಕ್ಕದ ಮೇಜಿನಲ್ಲಿ ಒಬ್ಬ ಗುಮಾಸ್ತ.

"ಸಾರ್, ಅವತ್ತು ನಾನು ಸುಳ್ಳು ಹೇಳಿದೆ. ಆಯಮ್ಮ ನಮಗೆ ಸುಮ್ನೇ ಕೊಟ್ಟಿದ್ದು."

ಸಾಹೇಬನಿಗೆ ಅವರನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಉಸಿರು ಬಿಟ್ಟ. "ಯಜಮಾನ್ರೇ, ಅವತ್ತು ಒಂದು, ಇವತ್ತು ಒಂದು. ನಾನು ಯಾವುದು ನಂಬಲಿ?"

ಗುಮಾಸ್ತ ಮಾಸ್ಕಿನೊಳಗೇ ನಕ್ಕ. "ಪರಿಹಾರ ಬಂದ್ರೆ ನಿಮಗೆಷ್ಟು ಪಾಲು ಅಂತ ಮಾತಾಗಿದೆ ಅಜ್ಜಾ?"

ಮಂಡಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಮಾವ ಅವನ ಹಲ್ಲು ಉದುರಿಸುತ್ತಿದ್ದರು. ಇಲ್ಲಿ ವೃತ್ತದೊಳಗೆ ನಿಂತೇ ಇದ್ದರು. ಇವನನ್ನು ಬಯ್ಯಲು ತನಗೆ ಬಾಯಿಲ್ಲ ಎಂದು ಅನ್ನಿಸಿತು ಎಂದು ಆಮೇಲೆ ನನಗೆ ಹೇಳಿದರು.

ಸಾಹೇಬ ಗುಮಾಸ್ತನಿಗೆ ಸುಮ್ಮನಿರು ಎಂದು ಕೈ ಮಾಡಿ, ಸಮಾಧಾನದಿಂದಲೇ ಹೇಳಿದ. "ನೋಡಿ, ಆಯಮ್ಮನ್ನೂ ನಾನು ಕೇಳಿದೆ. ಹೂಂ ಅಂದ್ರು. ಈಗ ನಿಮ್ಮ ಮಾತು ನಿಜ ಅಂದ್ರೆ ಅವರ ಮಾತು ಸುಳ್ಳಾಗುತ್ತೆ. ಸುಳ್ಳು ಹೇಳಿದ್ರು ಅಂತ ನಾನು ಮೇಲಕ್ಕೆ ಬರೆದ್ರೆ ಮುಂದೆ ಅವರಿಗೆ ಬೀಜ, ಗೊಬ್ಬರ ಏನೂ ಸಿಗಲ್ಲ. ಬರೀಲಾ?"

ಹಿಂದಿನ ವೃತ್ತದಲ್ಲಿದ್ದವನು ಕೆಮ್ಮಿ, ಬೇಗ ಮುಗಿಸಿ ಎಂದ.

"ಬೇಡ ಸಾರ್," ಎಂದರು ಮಾವ.

ಅಂದರೆ ಜೀವಮಾನದಲ್ಲಿ ಒಂದೇ ಒಂದು ಸಲ ಕೂಗಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋದವರು, ಅದನ್ನು ಹಾಗೆಯೇ ಬಿಟ್ಟು ಬಂದರು. ಆ ತಿಂಗಳು ಮುಗಿಯುವುದರೊಳಗೆ ಒಡೆಯ ಹೊಲ ವಾಪಸು ಪಡೆದ. ಸಾಗಣೆಯವರೊಬ್ಬರಿಗೆ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಟ್ಟ. ಗಿಡ ಕಿತ್ತು, ನೆಲಕ್ಕೆ ಜಲ್ಲಿ ಸುರಿದರು. ಅಕ್ಕ ಊರಾಚೆಯ ಬೇರೊಬ್ಬರ ತೋಟದಲ್ಲಿ ಕೂಲಿಗೆ ಹೋಗತೊಡಗಿದಳು. ಬೆಳಿಗ್ಗೆ ಮಾವನ ಮನೆಯ ಮುಂದೆಯೇ ಹೋಗಬೇಕು. ಅವಳು ಹೋಗುವ ಹೊತ್ತಿಗೆ ಮಾವ ಒಳಗಿನ ಕೋಣೆಯಲ್ಲಿರುತ್ತಿದ್ದರು.

ಮಂಡಿ ಮತ್ತೆ ತೆರೆಯಿತು. ಮಾವನಿಗೆ ಹೇಳಿ ಕಳಿಸಿದರು. ಮಾವ ಹೋಗಲಿಲ್ಲ. ಗಂಟಲು ಸರಿಯಿಲ್ಲ ಎಂದರು.

ನಿಶ್ಚಯವಾದ ಮದುವೆ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ನಾನು ನನ್ನ ಪಂಪ್ ರಿಪೇರಿ ಅಂಗಡಿಯಲ್ಲಿ ಒಂದು ಮೋಟಾರು ಬಿಚ್ಚಿಕೊಂಡು ಕೂತಿದ್ದೆ. ಅಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು, ಜನ ಕಾಣದಿದ್ದರೆ ಅವನಿಗೆ ಹೊತ್ತು ಹೋಗುವುದಿಲ್ಲ. ಮಾವ ಬಿಸಿಲಲ್ಲಿ ನಡೆದೇ ಬಂದರು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಬನ್ನಿ ಬನ್ನಿ ಬೀಗರೇ, ಕೂತ್ಕೊಳ್ಳಿ," ಎಂದು ಅಪ್ಪ ಸ್ಟೂಲು ಎಳೆದ.

"ಕೂತು ಹೇಳೋ ಮಾತಲ್ಲ," ಎಂದರು ಮಾವ.

ಆಮೇಲೆ ನಿಂತೇ ಎಲ್ಲವನ್ನೂ ಹೇಳಿದರು. ಬುಟ್ಟಿ, ಗೋಡೆ, ಅವತ್ತಿನ ಸುಳ್ಳು, ಅಕ್ಕನ ಹೂಂ, ಕಚೇರಿ, ಜಲ್ಲಿ. ಚಿಕ್ಕಂದಿನ ಹಿತ್ತಲ ಬಾಗಿಲನ್ನು ಮಾತ್ರ ಹೇಳಲಿಲ್ಲ. "ನಿಮ್ಮ ಕಣ್ಣಿಗೆ ದೊಡ್ಡ ಮನೆತನ ಆಗೋಕೆ ಹೋಗಿ ಆ ಹೆಂಗಸಿನ ಅನ್ನಕ್ಕೆ ಮಣ್ಣು ಹಾಕಿದೆ. ನಾವು ಪುಕ್ಕಟೆ ತಿಂದೋರೇ. ಇದು ಗೊತ್ತಾದ ಮೇಲೆ ನಮ್ಮ ಸಂಬಂಧ ಬೇಡ ಅನ್ನಿಸಿದ್ರೆ ಹೇಳಿಬಿಡಿ. ಹುಡುಗಿದು ಏನೂ ತಪ್ಪಿಲ್ಲ."

ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಅಪ್ಪ ಮಾತ್ರ ತೊಡೆ ತಟ್ಟಿಕೊಂಡು ನಕ್ಕ.

"ಅಯ್ಯೋ ಮಹರಾಯರೇ, ಇದಕ್ಕಾ? ನಾವೇನು ಬಂಗಾರದ ತಟ್ಟೇಲಿ ಉಂಡ್ವಾ? ಎಲ್ಲ ಬಂದ್ ಆಗಿದ್ದಾಗ ನಾನು, ಇವನು, ಇವನ ತಾಯಿ, ಮೂರು ಜನಾನೂ ಶಾಲೆ ಅಂಗಳದಲ್ಲಿ ತಟ್ಟೆ ಹಿಡ್ಕೊಂಡು ಸಾಲಲ್ಲಿ ನಿಂತಿದ್ವಿ. ಅಲ್ಲಿ ಕೊಟ್ಟಿದ್ದೇ ಊಟ. ಅವತ್ತು ನಿಮ್ಮನೇಲಿ ಹೇಳಿಬಿಡೋಣ ಅಂತ ಬಾಯಿ ತುದಿವರೆಗೂ ಬಂದಿತ್ತು. ಅಷ್ಟರಲ್ಲಿ ನೀವು ಪುಕ್ಕಟೆ ತಿನ್ನೋ ಮನೆ ಅಲ್ಲ ಇದು ಅಂದ್ರಲ್ಲ, ಎಲ್ಲಿ ಹುಡುಗಿ ಕೊಡಲ್ಲ ಅಂತೀರೋ ಅಂತ ಹೆದರಿ ನುಂಗಿಕೊಂಡೆ. ಭಲೇ ಬೇರೆ ಅಂದೆ ನೋಡಿ!"

ಅಪ್ಪ ಇನ್ನೂ ನಗುತ್ತಿದ್ದ. ಮಾವ ನಗಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಂತಿದ್ದರು.

"ಹಾಗಾದ್ರೆ ನಾನು ಯಾರಿಗೆ ಹೆದರಿ ಹೇಳಿದೆ ಬೀಗರೇ?"

ಅಪ್ಪ ಏನೋ ಹೇಳಲು ಹೋದ.

"ನಿಮಗೂ ಏನೂ ಇರಲಿಲ್ಲ, ನನಗೂ ಏನೂ ಇರಲಿಲ್ಲ," ಎಂದರು ಮಾವ. "ಇದ್ದಿದ್ದು ಆಯಮ್ಮಂಗೆ ಒಂದು ಹೊಲ."

ಅಪ್ಪನ ನಗು ನಿಂತಿತು. ಅವನು ಕುರ್ಚಿಯಿಂದ ಎದ್ದ. ಮಾವನ ಕೈ ಹಿಡಿಯುತ್ತಾನೆ ಎಂದುಕೊಂಡೆ, ಹಿಡಿಯಲಿಲ್ಲ. ಇಬ್ಬರು ಮುದುಕರೂ ಅಂಗಡಿಯ ಬಾಗಿಲಲ್ಲಿ ನೆಲ ನೋಡುತ್ತಾ ನಿಂತುಬಿಟ್ಟರು. ಅಪ್ಪ ಎಳೆದಿಟ್ಟ ಸ್ಟೂಲು ಇಬ್ಬರ ನಡುವೆ ಹಾಗೆಯೇ ಇತ್ತು.